ಏರುವಾಗಲ್ಲ, ಇಳಿಯುವಾಗ ಹಾಲು ಕೊಡಿ

ಬಾಣಂತನ ಮುಗಿಸಿ ಎಳೆಮಗುವಿನೊಂದಿಗೆ ಮೊದಲ ಸಲ ವಿಮಾನ ಹತ್ತುವವರಿಗೆ

ಕುಂದಾಪುರದ ಬಳಿಯ ನಮ್ಮ ಹಟ್ಟಿಯಂಗಡಿಯಲ್ಲಿ ಯಾರ ಮನೆಯಲ್ಲಾದರೂ ಬಾಣಂತನ ಮುಗಿಯುತ್ತಾ ಬಂತೆಂದರೆ ನನಗೊಂದು ಫೋನು ಬರುತ್ತದೆ. ಹೆರಿಗೆಗೆಂದು ತವರಿಗೆ ಬಂದ ಮಗಳು ನಾಲ್ಕೈದು ತಿಂಗಳು ಎಣ್ಣೆ-ನೀರು ಮುಗಿಸಿ ಗಂಡನಿರುವ ಊರಿಗೆ ಹೊರಟಿರುತ್ತಾಳೆ. ಅದು ಬೆಂಗಳೂರೋ ಮುಂಬೈಯೋ ದುಬೈಯೋ ಆಗಿರುತ್ತದೆ. ಬರುವಾಗ ಬಸ್ಸಿನಲ್ಲೋ ಮತ್ಸ್ಯಗಂಧ ರೈಲಿನಲ್ಲೋ ಬಂದಿದ್ದರೂ ಹೋಗುವಾಗ ಮಗುವಿಗೆ ಕಷ್ಟವಾಗಬಾರದೆಂದು ವಿಮಾನದ ಟಿಕೆಟು. ಮಗುವಿಗಂತೂ ಮೊದಲ ವಿಮಾನ, ಎಷ್ಟೋ ಸಲ ತಾಯಿಗೂ ಮೊದಲನೆಯದೇ. ‘ಅಕ್ಕ, ಎಂತೆಲ್ಲ ಬೇಕು, ಸ್ವಲ್ಪ ಹೇಳಿ’ ಎನ್ನುತ್ತಾರೆ.

ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಒಮ್ಮೆ ಬರೆದೇಬಿಡೋಣ ಅನ್ನಿಸಿತು. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದಾಗಿನಿಂದ ಮಂಗಳೂರಿನ ಬಜ್ಪೆಯಲ್ಲಿ ವಿಮಾನವಿದೆ. ನಮ್ಮ ಕಡೆಯವರು ಅಲ್ಲಿಂದ ಹಾರಲು ಶುರುಮಾಡಿಯೂ ಒಂದೆರಡು ತಲೆಮಾರು ಕಳೆಯಿತು. ಆದರೂ ಮಗುವನ್ನೆತ್ತಿಕೊಂಡು ಹೊರಟವರು ಮಾಡುವ ತಪ್ಪುಗಳು ಅವವೇ. ಒಂದು ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

1. ಮಗುವಿನ ಹೆಸರು ಕಾಗದದಲ್ಲಿದೆಯೇ?

ನಮ್ಮಲ್ಲಿ ಹೆರಿಗೆಯಾದ ಮೂರನೇ ದಿನವೋ ನಾಲ್ಕನೇ ದಿನವೋ ಆಸ್ಪತ್ರೆಯವರು ಜನನ ನೋಂದಣಿಗೆ ವಿವರ ಬರೆದುಕೊಳ್ಳುತ್ತಾರೆ. ನಾಮಕರಣ ಆಗುವುದು ಹನ್ನೊಂದನೇ ದಿನ, ಅಥವಾ ಅದಕ್ಕಿಂತ ಎಷ್ಟೋ ತಡವಾಗಿ. ಹಾಗಾಗಿ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಅದನ್ನು ಹಾಗೇ ಮಡಚಿ ಕಪಾಟಿನಲ್ಲಿಟ್ಟು, ಹೊರಡುವ ವಾರದಲ್ಲಿ ತೆಗೆದು ನೋಡುವವರೇ ಹೆಚ್ಚು. ಹುಟ್ಟಿದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆದರೆ ಸೇರಿಸಬೇಕಾದದ್ದು ಮಗು ಹುಟ್ಟಿದ ಕಡೆಯ ನೋಂದಣಿ ಕಚೇರಿಯಲ್ಲಿ, ಗಂಡನ ಮನೆಯಿರುವ ಊರಿನಲ್ಲಲ್ಲ. ಕುಂದಾಪುರದಲ್ಲಿ ಹೆರಿಗೆಯಾಗಿದ್ದರೆ ಇಲ್ಲೇ, ಮಣಿಪಾಲದಲ್ಲಾಗಿದ್ದರೆ ಅಲ್ಲೇ. ತವರಿನಲ್ಲಿರುವಾಗಲೇ ಮುಗಿಸಿಕೊಳ್ಳಿ.

ದೇಶದೊಳಗಿನ ಪ್ರಯಾಣಕ್ಕೆ ಕೌಂಟರಿನಲ್ಲಿ ಕೇಳುವುದು ಮಗುವಿನ ವಯಸ್ಸಿನ ದಾಖಲೆ. ಜನನ ಪ್ರಮಾಣಪತ್ರ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ತಾಯಿಯ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಅಥವಾ ಜನ್ಮದಿನಾಂಕವಿರುವ ಚುಚ್ಚುಮದ್ದಿನ ಕಾರ್ಡನ್ನೂ ಸಾಮಾನ್ಯವಾಗಿ ಒಪ್ಪುತ್ತಾರೆ. ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ಫೋನಿನಲ್ಲಿದೆ ಎಂದು ನಂಬಿ ಕೂರಬೇಡಿ, ಅಳುವ ಮಗುವನ್ನು ಹೆಗಲಿಗೇರಿಸಿಕೊಂಡು ಫೋಟೊ ಹುಡುಕುವ ಕಷ್ಟ ನನಗೆ ಗೊತ್ತು.

ಗಲ್ಫಿಗೆ ಹೋಗುವವರಿಗೆ ಮಗುವಿನದೇ ಪಾಸ್‌ಪೋರ್ಟ್ ಬೇಕು. ಅದರ ಅರ್ಜಿಗೆ ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಲಗತ್ತಿಸಬೇಕು. ಅಪ್ಪ ದುಬೈಯಲ್ಲಿದ್ದು ಅಮ್ಮ ಇಲ್ಲಿದ್ದರೆ ಈ ಸಹಿಯೇ ತಿಂಗಳು ಹಿಡಿಯುತ್ತದೆ, ಮೊದಲೇ ತರಿಸಿಕೊಳ್ಳಿ. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಬೇಕು. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ. ಎಂಟು ವರ್ಷದೊಳಗಿನವರಿಗೆ ಶುಲ್ಕದಲ್ಲಿ ಶೇ. 10 ರಿಯಾಯಿತಿ ಉಂಟು.

ಅರ್ಜಿಯಲ್ಲಿ ‘ಸರ್‌ನೇಮ್’ ಜಾಗವನ್ನು ಖಾಲಿ ಬಿಡಬೇಡಿ. ಮನೆಯ ಹೆಸರೋ ಅಪ್ಪನ ಹೆಸರೋ ಶೆಟ್ಟಿಯೋ ಪೂಜಾರಿಯೋ ದೇವಾಡಿಗವೋ, ಏನಾದರೊಂದು ತುಂಬಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್ 21ರಿಂದ ನಿಯಮ ತಂದಿತು. ತಂದೆಯ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರೂ ಆ ತಲೆಬಿಸಿ ನಿಮಗೇಕೆ? ತೊಟ್ಟಿಲಲ್ಲಿ ಕರೆಯುವ ಚಿನ್ನು, ಪುಟ್ಟ, ಬಂಗಾರಿಗಳನ್ನು ಟಿಕೆಟಿನಲ್ಲಿ ಬರೆಸಬೇಡಿ. ಕಾಗದದಲ್ಲಿರುವ ಹೆಸರು ಅಕ್ಷರ ತಪ್ಪದೆ ಟಿಕೆಟಿನಲ್ಲಿ ಬರಲಿ.

2. ತೊಡೆಯ ಮೇಲೆ ಕೂರುವ ಮಗುವಿಗೂ ಟಿಕೆಟು

‘ಶಿಶುಗೆಂತ ಟಿಕೇಟು? ತೊಡಿ ಮೇಲಲ್ದಾ ಕೂಕಂಬುದ್?’ ಎಂದು ಕೇಳುವ ಅಜ್ಜಂದಿರಿದ್ದಾರೆ. ಬಸ್ಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ವರ್ಷ ತುಂಬದ ಮಗುವಿಗೆ ಸೀಟು ಇಲ್ಲ, ಆದರೆ ನಿಮ್ಮ ಟಿಕೆಟಿನಲ್ಲೇ ಅದರ ಹೆಸರು ಸೇರಿಸಿ ಬೇರೆ ಶುಲ್ಕ ಕಟ್ಟಬೇಕು. ಮರೆತರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಒಬ್ಬ ದೊಡ್ಡವರಿಗೆ ಒಂದೇ ಶಿಶು. ಅವಳಿ-ಜವಳಿಯಾದರೆ ಇಬ್ಬರು ದೊಡ್ಡವರು ಇರಲೇಬೇಕು.

ವಯಸ್ಸು ಲೆಕ್ಕಕ್ಕೆ ಬರುವುದು ಪ್ರಯಾಣದ ದಿನಕ್ಕೆ, ಟಿಕೆಟು ಮಾಡಿದ ದಿನಕ್ಕಲ್ಲ. ಹೋಗುವಾಗ ಒಂದು ವರ್ಷ ಹನ್ನೊಂದು ತಿಂಗಳಾಗಿದ್ದ ಮಗುವಿಗೆ ಬರುವಾಗ ಎರಡು ತುಂಬಿದರೆ ಬರುವ ವಿಮಾನದಲ್ಲಿ ಸೀಟು ಬೇಕು.

ಸಿನಿಮಾದಲ್ಲಿ ಕಂಡ ವಿಮಾನದ ತೊಟ್ಟಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬಜ್ಪೆಗೆ ಹೋಗಬೇಡಿ. ಅದು ಇರುವುದು ಎರಡು ಓಣಿಗಳ ದೊಡ್ಡ ವಿಮಾನಗಳಲ್ಲಿ. ಬಜ್ಪೆಯಿಂದ ಹಾರುವವು ನಡುವೆ ಒಂದೇ ಓಣಿಯಿರುವ ಬೋಯಿಂಗ್ 737, ಏರ್‌ಬಸ್ 320ರಂಥವು, ಕೆಲವೊಮ್ಮೆ ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟ್ಟ ಎಟಿಆರ್. ಪೂರ್ತಿ ಹೊತ್ತು ಮಗು ನಿಮ್ಮ ಮಡಿಲಲ್ಲೇ ಇರುತ್ತದೆ. ಹಾಲೂಡಿಸುವವರಿಗೆ ಕಿಟಕಿ ಪಕ್ಕದ ಸೀಟು ಮರೆಗೆ ಒಳ್ಳೆಯದು. ನಡೆಯಲು ಕಲಿತ ಮಗುವಾದರೆ ಓಣಿ ಪಕ್ಕದ ಸೀಟು ತೆಗೆದುಕೊಳ್ಳಿ.

ನೆಗಡಿ, ಕಿವಿಸೋರು ಇದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಬೇಡ ಎಂದರೆ ದಿನಾಂಕ ಬದಲಾಯಿಸಿ, ದುಡ್ಡು ಹೋದರೆ ಹೋಗಲಿ. ಮಗು ಮಲಗಲೆಂದು ಮೆಡಿಕಲ್ಲಿನಿಂದ ನೆಗಡಿಯ ಸಿರಪ್ ತಂದು ಕುಡಿಸುವ ಕೆಲಸ ಖಂಡಿತ ಬೇಡ. ಅಪಾಯವಂತೂ ಇದ್ದೇ ಇದೆ, ಮೇಲಿಂದ ಕೆಲವು ಮಕ್ಕಳು ಅದರಿಂದ ನಿದ್ದೆಯ ಬದಲು ಇನ್ನಷ್ಟು ರಚ್ಚೆ ಹಿಡಿಯುತ್ತವೆ.

3. ಅಮ್ಮ ಕಟ್ಟಿಕೊಟ್ಟ ಗಂಟನ್ನು ಒಮ್ಮೆ ಬಿಚ್ಚಿ ನೋಡಿ

ಕೈಚೀಲದಲ್ಲಿ ಇರಬೇಕಾದವು: ಎರಡು ಗಂಟೆಗೊಂದರಂತೆ ಡಯಾಪರ್, ಮೇಲೆ ಎರಡು, ಮಗುವಿಗೆ ಎರಡು ಜೊತೆ ಬಟ್ಟೆ, ನಿಮಗೊಂದು ಮೇಲಂಗಿ (ಇದನ್ನು ಎಲ್ಲರೂ ಮರೆಯುತ್ತಾರೆ, ಮಗು ಕಕ್ಕುವುದು ನಿಮ್ಮ ಮೇಲೆಯೇ), ಹಳೆ ಪಂಚೆಯ ಮೆದುವಾದ ನಾಲ್ಕು ತುಂಡು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ತೆಳ್ಳನೆಯ ಶಾಲು. ಮಗುವಿನ ಹಾಲು, ಕುದಿಸಿ ಆರಿಸಿದ ನೀರು, ರಾಗಿ ಮಣ್ಣಿ ಇವನ್ನು ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ಹೊರದೇಶದ ವಿಮಾನದಲ್ಲಿ ದ್ರವ ಪದಾರ್ಥಕ್ಕಿರುವ 100 ಮಿಲಿಲೀಟರ್ ಮಿತಿಯಿಂದ ಮಗುವಿನ ಆಹಾರಕ್ಕೆ ವಿನಾಯಿತಿ ಇದೆ. ತಪಾಸಣೆಯಲ್ಲಿ ಕೇಳುವ ಮೊದಲೇ ತೆಗೆದು ಟ್ರೇಯಲ್ಲಿಡಿ. ಮಳೆಗಾಲವಾದರೆ ಲೆಕ್ಕಕ್ಕಿಂತ ಎರಡು ಹೊತ್ತಿನ ಆಹಾರ ಹೆಚ್ಚಿಗೆ ಇರಲಿ. ಬಜ್ಪೆಯಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಬೇರೆ ಊರಿಗೆ ತಿರುಗುವುದುಂಟು.

ತೊಂದರೆ ಬರುವುದು ದೊಡ್ಡ ಪೆಟ್ಟಿಗೆಯಲ್ಲಿ. ಒಣ ಕೊಬ್ಬರಿಗೆ ಎಣ್ಣೆಯಂಶದಿಂದ ತಾನಾಗಿ ಕಾವೇರುವ ಗುಣವಿದೆ, ಹಾಗಾಗಿ ಅದು ವಿಮಾನದಲ್ಲಿ ನಿಷಿದ್ಧ. ಇಡೀ ತೆಂಗಿನಕಾಯಿಗೂ ತಕರಾರು ತೆಗೆಯುತ್ತಾರೆ. ದೇವಸ್ಥಾನದ ಪ್ರಸಾದದ ಕಾಯಿ ಎಂದರೂ ಎಕ್ಸ್‌ರೇಗೆ ಅದು ಕಾಯಿಯೇ. ಊರಿನಲ್ಲೇ ಹಂಚಿ ಹೊರಡಿ. ತೆಂಗಿನೆಣ್ಣೆ, ತುಪ್ಪ, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿಡದೆ ಸೋರದಂತೆ ಕಟ್ಟಿ ಪೆಟ್ಟಿಗೆಯಲ್ಲಿಡಿ.

ಗಲ್ಫಿಗೆ ಹೊರಟವರು ಇನ್ನೊಂದು ವಿಷಯ ನೋಡಲೇಬೇಕು. ಯುಎಇ, ಸೌದಿಗಳಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಬಾಣಂತಿ ಲೇಹ್ಯಕ್ಕೆ, ಪುಡಿಗೆ ಏನೇನು ಹಾಕಿದ್ದಾರೆಂದು ಮಾಡಿದವರನ್ನೇ ಕೇಳಿ. ಗಸಗಸೆ ಇದೆ ಎಂದರೆ, ಎಷ್ಟೇ ಪ್ರೀತಿಯಿಂದ ಕಾಸಿದ್ದರೂ, ಬಿಟ್ಟು ಹೋಗಿ. ಬೇಜಾರು ಮಾಡಿಕೊಂಡ ಅಮ್ಮನನ್ನು ಸಮಾಧಾನ ಮಾಡಬಹುದು, ಅಲ್ಲಿನ ಪೊಲೀಸರನ್ನಲ್ಲ.

4. ನೂರು ಕಿಲೋಮೀಟರ್ ದಾರಿ

ಹಟ್ಟಿಯಂಗಡಿಯಿಂದ ಬಜ್ಪೆಗೆ ಸುಮಾರು 100 ಕಿ.ಮೀ. ತಲ್ಲೂರಿನಲ್ಲಿ ಹೆದ್ದಾರಿ ಹಿಡಿದು ಕುಂದಾಪುರ, ಸಾಸ್ತಾನ, ಉಡುಪಿ, ಪಡುಬಿದ್ರಿ ದಾಟಿ, ಮುಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು ಮೂಲಕ ಹೋಗುವ ದಾರಿ ನಮ್ಮವರಿಗೆ ರೂಢಿ. ದೊಡ್ಡವರಷ್ಟೇ ಹೋದರೆ ಎರಡೂವರೆ ಗಂಟೆ ಸಾಕು. ಮಗುವಿದ್ದರೆ ಮೂರೂವರೆ ಹಿಡಿಯಿರಿ. ಉಡುಪಿ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಹಾಲೂಡಿಸಿ, ಬಟ್ಟೆ ಬದಲಿಸಿ. ಕಿನ್ನಿಗೋಳಿಯ ನಂತರ ತಿರುವುಗಳು, ಹೊಟ್ಟೆ ತುಂಬಿದ ಮಗು ಅಲ್ಲಿ ಕಕ್ಕುತ್ತದೆ.

ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಹೊರದೇಶದ್ದಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಹೊರಡಲು ಒಂದು ಗಂಟೆ ಇರುವಾಗಲೋ ಅದಕ್ಕೂ ತುಸು ಮೊದಲೋ ಕೌಂಟರು ಮುಚ್ಚುತ್ತದೆ, ಮುಚ್ಚಿದ್ದು ಯಾರು ಹೇಳಿದರೂ ತೆರೆಯುವುದಿಲ್ಲ. ‘ಹೇಗೂ ಕಟೀಲಿನ ಮೇಲೆಯೇ ಹೋಗುವುದಲ್ಲ, ಒಂದು ಕೈಮುಗಿದು ಹೋಗುವ’ ಎನ್ನುವ ಮಾತು ಕಾರಿನಲ್ಲಿ ಬಂದೇ ಬರುತ್ತದೆ. ಮಂಗಳವಾರ, ಶುಕ್ರವಾರದ ಸಾಲಿನಲ್ಲಿ ಆ ಒಂದು ಕೈಮುಗಿಯುವುದಕ್ಕೆ ಒಂದು ಗಂಟೆ ಬೇಕಾದೀತು. ಹಿಂದಿನ ದಿನವೇ ನಮ್ಮೂರ ಸಿದ್ಧಿವಿನಾಯಕನಿಗೆ ಕೈಮುಗಿದುಕೊಳ್ಳಿ. ಬಿಟ್ಟುಬರಲು ಹೋದವರು ವಾಪಸಾಗುವಾಗ ಕಟೀಲಿಗೆ ನಿಧಾನವಾಗಿ ಹೋಗಲಿ.

5. ಬಾಗಿಲಿನಿಂದ ಒಳಗೆ ನೀವಿಬ್ಬರೇ

ಟಿಕೆಟು ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಎರಡು ಕಾರಿನಲ್ಲಿ ಎಂಟು ಜನ ಬಿಡಲು ಬಂದಿದ್ದರೂ ಅಲ್ಲಿಂದ ಮುಂದೆ ತಾಯಿ, ಮಗು, ಟ್ರಾಲಿ, ಕೈಚೀಲ. ಅದಕ್ಕೇ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಜೋಳಿಗೆಯಂಥ ಚೀಲವೊಂದು ನಿಮ್ಮಲ್ಲಿರಲಿ, ಎರಡೂ ಕೈ ಬಿಡುವಾಗಿರುತ್ತವೆ. ತಳ್ಳುಗಾಡಿಯನ್ನು ಹೆಚ್ಚಿನ ಕಂಪನಿಗಳು ವಿಮಾನದ ಬಾಗಿಲಿನವರೆಗೆ ಬಿಡುತ್ತವೆ. ನಾಲ್ಕು ತಿಂಗಳ ಮಗುವಿಗೆ ಅದು ಸುಮ್ಮನೆ ಹೊರೆ ಎಂಬುದು ನನ್ನ ಅಭಿಪ್ರಾಯ.

ಕೌಂಟರು, ತಪಾಸಣೆಗಳಲ್ಲಿ ಹೆದರುವಂಥದ್ದಿಲ್ಲ, ಮುಂದಿನವರು ಮಾಡಿದಂತೆ ಮಾಡಿ. ಮಗುವನ್ನು ಎತ್ತಿಕೊಂಡೇ ಹೋಗುವುದು. ಜೋಳಿಗೆ ಮಾತ್ರ ಬಿಚ್ಚಿ ಎಕ್ಸ್‌ರೇಗೆ ಹಾಕಬೇಕು. ಬೆಳ್ಳಿಯ ಉಡಿದಾರ, ಕಾಲ್ಗಡಗಕ್ಕೆ ಯಂತ್ರ ಕೂಗಿದರೂ ಗಾಬರಿ ಬೇಡ, ಮಹಿಳಾ ಸಿಬ್ಬಂದಿ ಕೈಯಲ್ಲಿ ಮುಟ್ಟಿ ನೋಡಿ ಬಿಡುತ್ತಾರೆ. ಹಾಲೂಡಿಸುವ ಕೋಣೆ ಎಲ್ಲಿದೆಯೆಂದು ಕೇಳಿಟ್ಟುಕೊಳ್ಳಿ. ಚಿಕ್ಕ ಮಕ್ಕಳಿರುವವರನ್ನು ಮೊದಲು ಹತ್ತಲು ಕರೆದಾಗ ಸಂಕೋಚಪಡದೆ ಹೋಗಿ. ಎಟಿಆರ್ ಆದರೆ ಹೊರಗೆ ನಡೆದು ಹಿಂಬಾಗಿಲಿನ ಮೆಟ್ಟಿಲು ಹತ್ತಬೇಕು. ಗಾಳಿಗೆ ಶಾಲು ಹಾರದಂತೆ ಸಿಕ್ಕಿಸಿಕೊಳ್ಳಿ.

6. ಕಿವಿ: ಎಲ್ಲರೂ ತಪ್ಪುವುದು ಇಲ್ಲೇ

ಈಗ ನನ್ನ ತಪ್ಪು. ಮಗಳಿಗೆ ಐದು ತಿಂಗಳು. ಬಜ್ಪೆಯಿಂದ ಮುಂಬೈಗೆ ಹೊರಟಿದ್ದೆ. ವಿಮಾನ ಏರುವಾಗ ಕಿವಿ ನೋಯುತ್ತದೆ ಎಂದು ಯಾರೋ ಹೇಳಿದ್ದರು. ಏರುವ ಮೊದಲೇ ಹೊಟ್ಟೆ ತುಂಬ ಹಾಲು ಕೊಟ್ಟೆ, ಏರುವಾಗಲೂ ಕೊಟ್ಟೆ. ಮಗು ಸೊಗಸಾಗಿ ಮಲಗಿತು. ಗೆದ್ದೆ ಅಂದುಕೊಂಡೆ. ಇಳಿಯಲು ಇಪ್ಪತ್ತು ನಿಮಿಷವಿರುವಾಗ ಚೀರಿ ಎದ್ದದ್ದು, ನೆಲ ಮುಟ್ಟುವವರೆಗೆ ನಿಲ್ಲಿಸಲಿಲ್ಲ. ಹೊಟ್ಟೆ ತುಂಬಿತ್ತು, ಎಷ್ಟು ಕೊಟ್ಟರೂ ಬಾಯಿ ಹಾಕಲಿಲ್ಲ.

ಇದು ಅರ್ಥವಾಗಬೇಕಾದರೆ ಹುಲಿಕಲ್ ಕಡೆಯಿಂದ ಬಾಳೆಬರೆ ಘಾಟಿ ಇಳಿದದ್ದನ್ನು ನೆನಪಿಸಿಕೊಳ್ಳಿ. ಶಿವಮೊಗ್ಗದ ಬಸ್ಸು ಹೊಸಂಗಡಿಗೆ ತಲುಪುವಷ್ಟರಲ್ಲಿ ನಮ್ಮ ಕಿವಿ ಮುಚ್ಚಿಕೊಂಡಿರುತ್ತದೆ. ಉಗುಳು ನುಂಗಿದರೆ ‘ಟಪ್’ ಎಂದು ಬಿಡುತ್ತದೆ. ಕಿವಿಯ ತಮಟೆಯ ಹಿಂದಿನಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ. ನುಂಗಿದಾಗ ಅದು ತೆರೆದು, ಒಳಗಿನ ಗಾಳಿಯ ಒತ್ತಡ ಹೊರಗಿನದ್ದಕ್ಕೆ ಸಮನಾಗುತ್ತದೆ. ಮೇಲೇರುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ಅದು ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಬರಬೇಕು, ಆಗ ಕೊಳವೆ ತಾನಾಗಿ ತೆರೆಯುವುದಿಲ್ಲ, ನುಂಗಿಯೇ ತೆರೆಯಿಸಬೇಕು. ಮಕ್ಕಳಲ್ಲಿ ಆ ಕೊಳವೆ ಇನ್ನೂ ಸಪೂರ, ಇಳಿಜಾರೂ ಕಡಿಮೆ. ಮಲಗಿದ ಮಗು ನುಂಗುವುದು ಅಪರೂಪ. ನನ್ನ ಮಗಳಿಗೆ ಆದದ್ದು ಅದೇ.

ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು ಒತ್ತಡಕ್ಕೆ ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಅಲ್ಲಿಂದ ಮಗುವನ್ನು ಅರ್ಧ ಗಂಟೆಯಲ್ಲಿ ತ್ರಾಸಿ ಕಡಲತೀರಕ್ಕೆ ಇಳಿಸಿದ ಹಾಗೆ. ‘ಹೋಗುವಾಗ ಸುಮ್ಮನಿತ್ತು, ಬರುವಾಗ ಕೂಗಿತು’ ಎಂದು ಬೆಂಗಳೂರಿಗೆ ಹೋಗಿ ಬಂದವರು ಹೇಳುವುದಕ್ಕೂ ಕಾರಣ ಇದೇ. ಬೆಂಗಳೂರು ವಿಮಾನ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ಲಿಗೆ ಇಳಿಯುವುದು ಕಡಿಮೆ. ಬಜ್ಪೆ ಇರುವುದು ಕಡಲಮಟ್ಟದಿಂದ 350 ಅಡಿಯೊಳಗೆ, ಇಲ್ಲಿಗೆ ಬರುವಾಗ ಇಳಿತ ಹೆಚ್ಚು.

ಹಾಗಾದರೆ ಮಾಡಬೇಕಾದದ್ದು:

– ವಿಮಾನ ಹತ್ತುವ ಮೊದಲು ಮಗುವಿಗೆ ಅರೆಹೊಟ್ಟೆ ಮಾತ್ರ. ಏರುವಾಗ ಸ್ವಲ್ಪ ಚೀಪಲಿ, ಸಾಕು.

– ಇಳಿಯುವ ಹೊತ್ತನ್ನು ಗುರುತಿಸಿ. ಎಂಜಿನ್ನಿನ ಸದ್ದು ತಗ್ಗುತ್ತದೆ, ಮೂಗು ತುಸು ಕೆಳಗೆ ಬಾಗಿದ ಹಾಗಾಗುತ್ತದೆ, ಸಿಬ್ಬಂದಿ ಕಸ ಒಟ್ಟುಮಾಡುತ್ತಾರೆ. ನೆಲ ಮುಟ್ಟಲು ಆಗ ಇಪ್ಪತ್ತೈದು-ಮೂವತ್ತು ನಿಮಿಷವಿರುತ್ತದೆ. ‘ಇಳಿಯುತ್ತಿದ್ದೇವೆ’ ಎಂದು ಮೈಕಿನಲ್ಲಿ ಹೇಳುವವರೆಗೆ ಕಾಯಬೇಡಿ. ಬೆಂಗಳೂರಿಗಾದರೆ ಮೇಲೇರಿ ಸರಿಯಾಗಿ ಕೂರುವಷ್ಟರಲ್ಲೇ ಇಳಿತ ಶುರುವಾಗುತ್ತದೆ.

– ಮಲಗಿದ್ದರೆ ಎಬ್ಬಿಸಿ. ‘ಮಲಗಿದ ಮಗುವನ್ನು ಎಬ್ಬಿಸಬಾರದು’ ಎಂಬ ಮಾತು ಮನೆಗೆ ಸರಿ, ಇಲ್ಲಿ ಬೇಡ. ತಲೆ ಮೇಲೆತ್ತಿ ಹಿಡಿದು ಎದೆಹಾಲು ಅಥವಾ ಬಾಟಲಿ ಹಾಲು ಕೊಡಿ. ಒಂದೇ ಉಸಿರಿಗೆ ಕುಡಿಸದೆ, ಬಿಟ್ಟು ಬಿಟ್ಟು, ನೆಲ ಮುಟ್ಟುವವರೆಗೆ ಎಳೆಯಿರಿ.

– ಎರಡು ವರ್ಷ ದಾಟಿದವರಿಗೆ ಸ್ಟ್ರಾದಲ್ಲಿ ನೀರು, ಬಾಯಲ್ಲಿ ಕರಗುವ ಚೂರು ಬೆಲ್ಲ. ಗಟ್ಟಿ ಪೆಪ್ಪರ್‌ಮೆಂಟು, ನೆಲಗಡಲೆ ಬೇಡ. ವಿಮಾನ ಕುಲುಕಿದಾಗ ಗಂಟಲಿಗೆ ಸಿಕ್ಕಿಕೊಂಡೀತು.

ಇನ್ನು ಹತ್ತಿಯ ಕಥೆ. ‘ಕೆಮಿಗೆ ಹತ್ತಿ ಇಡ್ ಹೆಣೆ, ಗಾಳಿ ಹೊಕ್ಕತ್ತ್’ ಎಂದು ಅಜ್ಜಿ ಬಾಣಂತಿಗೂ ಮಗುವಿಗೂ ಹತ್ತಿ ತುರುಕಿ ಮೇಲಿಂದ ಬಟ್ಟೆ ಕಟ್ಟಿ ಕಳಿಸುತ್ತಾರೆ. ಚಳಿಗೆ ಟೊಪ್ಪಿ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ನೋವು ಹುಟ್ಟುವುದು ತಮಟೆಯ ಹಿಂದೆ, ಹೊರಗಿಟ್ಟ ಹತ್ತಿ ಅದಕ್ಕೆ ಏನೂ ಮಾಡುವುದಿಲ್ಲ. ಮನೆಯವರು ಹತ್ತಿ ಇಟ್ಟ ಧೈರ್ಯದಲ್ಲಿ ಹಾಲಿನ ಕಡೆ ಗಮನ ಕೊಡುವುದಿಲ್ಲ, ನನ್ನ ಸಿಟ್ಟು ಅದಕ್ಕೆ. ಕಿವಿಗೆ ಬಿಸಿ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಇಳಿದ ಮೇಲೆ ಒಂದು ದಿನ ಕಳೆದರೂ ಮಗು ಕಿವಿ ಹಿಡಿದು ಅಳುತ್ತಿದ್ದರೆ, ಜ್ವರ ಬಂದರೆ, ಕಿವಿ ಸೋರಿದರೆ ಡಾಕ್ಟರಿಗೆ ತೋರಿಸಿ.

7. ಉಳಿದದ್ದು ಚುಟುಕಾಗಿ

ಕಿವಿಯೇ ಜಾಗವನ್ನೆಲ್ಲ ನುಂಗಿತು. ಸೀಟ್ ಬೆಲ್ಟ್: ನಿಮ್ಮ ಬೆಲ್ಟನ್ನು ನಿಮಗಷ್ಟೇ ಹಾಕಿ, ಮಗುವನ್ನು ಅದರೊಳಗೆ ಸೇರಿಸಿ ಬಿಗಿಯಬೇಡಿ. ಶಿಶುವಿಗೆಂದು ಇರುವ ಪುಟ್ಟ ಬೆಲ್ಟನ್ನು ಸಿಬ್ಬಂದಿಯಿಂದ ಕೇಳಿ ಪಡೆಯಿರಿ. ಡಯಾಪರ್: ಹತ್ತುವ ಮುನ್ನ ಬದಲಿಸಿ, ವಿಮಾನದ ಶೌಚಾಲಯ ತೀರ ಇಕ್ಕಟ್ಟು. ಅಳು: ಅತ್ತರೆ ಅಳಲಿ, ಪಕ್ಕದವರ ಮುಖ ನೋಡಬೇಡಿ. ಇಳಿಯುವಾಗ: ಎಲ್ಲರೂ ಎದ್ದು ಹೋಗಲಿ, ಕೊನೆಗೆ ನಿಧಾನವಾಗಿ ಏಳಿ. ಜನನ ಪ್ರಮಾಣಪತ್ರ: ಸೀಟಿನ ಮುಂದಿನ ಜೇಬಿನಲ್ಲಿ ಬಿಟ್ಟು ಬರಬೇಡಿ.

ಹೊರಡುವ ದಿನ ಇಷ್ಟೆಲ್ಲ ನೆನಪಿಗೆ ಬಾರದಿದ್ದರೂ ಚಿಂತೆಯಿಲ್ಲ. ಕೊನೆಯ ಅರ್ಧ ಗಂಟೆಗೆಂದು ಒಂದು ಹೊತ್ತಿನ ಹಾಲು ಉಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.